ಪಿಡಿಎಫ್ ಟೂಲ್ ಆರಿಸೋ ಮೊದಲು: ಸಾಲು ಮುರಿಯೋರು ಯಾರು?

"ಇಲ್ಲೊಂದು ಪಿಡಿಎಫ್ ಬಟನ್ ಹಾಕಿಬಿಡಿ, ಅರ್ಧ ದಿನದ ಕೆಲಸ ಅಲ್ವಾ?"

ವೆಬ್ ಆ್ಯಪ್ ಕಟ್ಟುವವರಲ್ಲಿ ಈ ಮಾತು ಕೇಳದವರು ಕಡಿಮೆ. ಮೊದಲ ಪಿಡಿಎಫ್ ನಿಜಕ್ಕೂ ಅರ್ಧ ದಿನದಲ್ಲೇ ಬರುತ್ತದೆ, ಎಲ್ಲರಿಗೂ ಖುಷಿ. ತಲೆನೋವು ಶುರುವಾಗೋದು ಎರಡನೇ ವಾರದಲ್ಲಿ. ಟೇಬಲ್ಲಿನ ಒಂದು ಸಾಲು ಎರಡು ಪುಟದ ನಡುವೆ ಸರಿಯಾಗಿ ಸೊಂಟಕ್ಕೆ ಕತ್ತರಿಸಿಕೊಂಡಿರುತ್ತದೆ. "ಒಟ್ಟು ಮೊತ್ತ" ಅನ್ನೋ ಒಂದೇ ಸಾಲು ಖಾಲಿ ಪುಟದಲ್ಲಿ ಅನಾಥವಾಗಿ ಕೂತಿರುತ್ತದೆ. ಕನ್ನಡ ಹೆಸರುಗಳ ಜಾಗದಲ್ಲಿ ಚೌಕಗಳು. ಆಗ ಯಾರೋ ಬಂದು "ಬೇರೆ ಲೈಬ್ರರಿ ನೋಡೋಣ" ಅನ್ನುತ್ತಾರೆ. ಹುಡುಕಿದರೆ ನೂರಾರು ಸಿಗುತ್ತವೆ. ಎಲ್ಲವೂ "ಸುಲಭ, ವೇಗ, ಹಗುರ" ಅಂತಲೇ ಹೇಳಿಕೊಳ್ಳುತ್ತವೆ.

ಈ ಗೊಂದಲದಿಂದ ಹೊರಬರೋಕೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಸಾಲು ಎಲ್ಲಿ ಮುರಿಯಬೇಕು, ಪುಟ ಎಲ್ಲಿ ಮುಗಿಯಬೇಕು ಅಂತ ತೀರ್ಮಾನ ಮಾಡೋರು ಯಾರು? ಈ ಪ್ರಶ್ನೆ ಯಾಕೆ ಅಷ್ಟು ಮುಖ್ಯ ಅಂತ ಗೊತ್ತಾಗಬೇಕಾದರೆ ಪಿಡಿಎಫ್ ಒಳಗೆ ಒಂದು ಸಲ ಇಣುಕಿ ನೋಡಬೇಕು.

ಒಳಗೆ ಪ್ಯಾರಾ ಇಲ್ಲ, ಟೇಬಲ್ಲೂ ಇಲ್ಲ

ಅಡೋಬಿಯ ಜಾನ್ ವಾರ್ನಾಕ್ 1991ರಲ್ಲಿ ಈ ಕನಸನ್ನು ಬರೆದಿಟ್ಟಾಗ ಅವರಿಗೆ ಬೇಕಿದ್ದದ್ದು ಒಂದೇ: ಯಾವ ಕಂಪ್ಯೂಟರಲ್ಲಿ ತೆರೆದರೂ, ಯಾವ ಪ್ರಿಂಟರಲ್ಲಿ ತೆಗೆದರೂ ಪುಟ ಒಂದೇ ಥರ ಕಾಣಬೇಕು. 1993ರಲ್ಲಿ ಪಿಡಿಎಫ್ ಹೊರಬಂತು, 2008ರಲ್ಲಿ ಐಎಸ್‌ಒ ಸ್ಟ್ಯಾಂಡರ್ಡ್ ಆಯಿತು. ಆ ಮೂಲ ಆಸೆ ಮಾತ್ರ ಬದಲಾಗಿಲ್ಲ. ಒಂದೇ ಥರ ಕಾಣಬೇಕು ಅಂದರೆ ತೆರೆಯುವವನಿಗೆ ಯೋಚನೆ ಮಾಡೋಕೆ ಏನೂ ಉಳಿಸಬಾರದು. ಎಲ್ಲ ತೀರ್ಮಾನವೂ ಮೊದಲೇ ಆಗಿರಬೇಕು.

ಹಾಗಾಗಿ ಪಿಡಿಎಫ್ ಪುಟ ಅನ್ನೋದು ನಿಜವಾಗಿ ಚಿತ್ರ ಬಿಡಿಸುವವನಿಗೆ ಕೊಟ್ಟ ಸೂಚನೆಗಳ ಪಟ್ಟಿ. ಒಳಗಿನ ಮಾತನ್ನು ಬಿಡಿಸಿ ಹೇಳಿದರೆ ಹೀಗಿರುತ್ತದೆ: "ಒಂದನೇ ಫಾಂಟ್ ತಗೋ, ಅಳತೆ 12. ಎಡ ಅಂಚಿನಿಂದ 72, ಕೆಳ ಅಂಚಿನಿಂದ 720ಕ್ಕೆ ಹೋಗು. ಈ ಅಕ್ಷರದ ಆಕಾರಗಳನ್ನು ಅಲ್ಲಿ ಇಡು. ಆಯ್ತು, ಈಗ 14 ಕೆಳಗೆ ಇಳಿ." ಅಳತೆ ಪಾಯಿಂಟಿನಲ್ಲಿ. ಒಂದು ಇಂಚಿಗೆ 72 ಪಾಯಿಂಟು, ಎ4 ಹಾಳೆ ಅಂದರೆ ಸುಮಾರು 595ಕ್ಕೆ 842. ಸೊನ್ನೆ ಇರೋದು ಕೆಳಗಿನ ಎಡ ಮೂಲೆಯಲ್ಲಿ. ವೆಬ್ಬಲ್ಲಿ ಮೇಲಿನಿಂದ ಎಣಿಸಿ ರೂಢಿ ಇರೋರು ಮೊದಲ ಸಲ ಲೋಗೋವನ್ನು ಪುಟದ ಬುಡದಲ್ಲಿ ಕೂರಿಸೋದು ಇದೇ ಕಾರಣಕ್ಕೆ.

ಇಲ್ಲಿ ಪ್ಯಾರಾ ಅನ್ನೋ ವಸ್ತುವೇ ಇಲ್ಲ. ಟೇಬಲ್ ಅಂತ ನಮಗೆ ಕಾಣೋದು ಒಂದಷ್ಟು ಗೆರೆ, ಅದರ ಪಕ್ಕದಲ್ಲಿ ಬಿಡಿಬಿಡಿಯಾಗಿ ಇಟ್ಟ ಅಕ್ಷರಗಳು. ಎಷ್ಟೋ ಫೈಲುಗಳಲ್ಲಿ ಪದಗಳ ನಡುವೆ ಖಾಲಿ ಜಾಗದ ಅಕ್ಷರ ಕೂಡ ಇರುವುದಿಲ್ಲ, ಸುಮ್ನೆ ಮುಂದಿನ ಪದವನ್ನು ಸ್ವಲ್ಪ ಆಚೆ ಇಟ್ಟಿರುತ್ತಾರೆ ಅಷ್ಟೇ. "ಇದು ತಲೆಬರಹ, ಇದು ಟೇಬಲ್" ಅಂತ ಹೇಳುವ ಟ್ಯಾಗುಗಳನ್ನು ಮೇಲಿಂದ ಸೇರಿಸಬಹುದು. ಸ್ಕ್ರೀನ್ ರೀಡರ್ ಬಳಸುವವರಿಗೆ ಅದು ಬೇಕೇ ಬೇಕು. ಆದರೆ ಟ್ಯಾಗು ಚಿತ್ರಕ್ಕೆ ಅಂಟಿಸಿದ ಚೀಟಿ ಮಾತ್ರ, ಚಿತ್ರವನ್ನು ಅದು ಕಟ್ಟುವುದಿಲ್ಲ.

ಅಂದಮೇಲೆ "ಈ ವಿಳಾಸ ಉದ್ದವಾಯಿತು, ಎರಡನೇ ಸಾಲಿಗೆ ಇಳಿಸು, ಕೆಳಗಿರೋದನ್ನೆಲ್ಲ ತಳ್ಳು" ಅನ್ನೋ ಕೆಲಸವನ್ನು ಪಿಡಿಎಫ್ ಮಾಡುವುದಿಲ್ಲ. ಪಿಡಿಎಫ್ ಹುಟ್ಟುವ ಮೊದಲೇ ಯಾರೋ ಅದನ್ನು ಮಾಡಿ ಮುಗಿಸಿರಬೇಕು. ಆ ಯಾರೋ ಬ್ರೌಸರ್ ಆಗಿರಬಹುದು, ಪಿಡಿಎಫ್‌ಗೆ ಅಂತಲೇ ಬರೆದ ಲೇಔಟ್ ಎಂಜಿನ್ ಆಗಿರಬಹುದು, ಅಥವಾ ರಾತ್ರಿ ಹನ್ನೊಂದಕ್ಕೆ ಲೆಕ್ಕ ಹಾಕುತ್ತಾ ಕೂತ ನೀವೇ ಆಗಿರಬಹುದು.

ಬ್ರೌಸರಿಗೆ ಬಿಟ್ಟರೆ

ಇವತ್ತು ಹೆಚ್ಚಿನವರು ಹಿಡಿಯುವ ದಾರಿ ಇದು. ಸರ್ವರಿನಲ್ಲಿ ಪರದೆ ಇಲ್ಲದ ಕ್ರೋಮ್ ಓಡಿಸಿ, ಎಚ್‌ಟಿಎಮ್‌ಎಲ್ ಕೊಟ್ಟು, ಪ್ರಿಂಟ್ ಮಾಡಿಸಿ ಪಿಡಿಎಫ್ ತಗೊಳ್ಳೋದು. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಬಳಸೋರು ಪಪೆಟಿಯರ್ ಅಥವಾ ಪ್ಲೇರೈಟ್ ಹಿಡಿಯುತ್ತಾರೆ. ಪ್ಲೇರೈಟ್ ಪೈಥಾನ್, ಜಾವಾ, ಡಾಟ್‌ನೆಟ್‌ಗೂ ಸಿಗುತ್ತದೆ. ಬ್ರೌಸರಿನ ಗೋಜು ತಮ್ಮ ಕೋಡಿಗೆ ಬೇಡ ಅನ್ನೋರಿಗೆ ಗೋಟೆನ್‌ಬರ್ಗ್ ಇದೆ. ಅದು ಡಾಕರ್ ಕಂಟೇನರ್, ಅಂದರೆ ಬೇಕಾದ್ದನ್ನೆಲ್ಲ ತುಂಬಿ ಕೊಟ್ಟ ಒಂದು ಡಬ್ಬಿ, ಒಳಗೆ ಕ್ರೋಮಿಯಂ ಮತ್ತು ಲಿಬ್ರೆಆಫೀಸ್ ಎರಡೂ ಕೂತಿವೆ. ಎಚ್‌ಟಿಎಮ್‌ಎಲ್ಲೋ ವರ್ಡ್ ಫೈಲೋ ಕಳಿಸಿದರೆ ಪಿಡಿಎಫ್ ವಾಪಸ್ ಬರುತ್ತದೆ.

ಇದರ ಲಾಭ ದೊಡ್ಡದು. ವೆಬ್ ಪುಟದ ಅಂದ ಹೇಳೋಕೆ ನಿಮಗೆ ಬರುವ ಸಿಎಸ್‌ಎಸ್ಸೇ ಸಾಕು. ಫ್ಲೆಕ್ಸ್‌ಬಾಕ್ಸ್, ಗ್ರಿಡ್, ಜಾವಾಸ್ಕ್ರಿಪ್ಟಲ್ಲಿ ಬಿಡಿಸಿದ ಚಾರ್ಟು, ಎಲ್ಲವೂ ಪರದೆಯ ಮೇಲೆ ಇದ್ದ ಹಾಗೇ ಬರುತ್ತವೆ. ಟೀಮಿನಲ್ಲಿ ಯಾರು ಬೇಕಾದರೂ ಟೆಂಪ್ಲೇಟ್ ತಿದ್ದಬಹುದು.

ಖರ್ಚು ಬೇರೆ ಕಡೆ ಇದೆ. ನೀವು ಸರ್ವರಿನಲ್ಲಿ ಒಂದು ಇಡೀ ಬ್ರೌಸರ್ ಸಾಕುತ್ತಿದ್ದೀರಿ, ಅದು ಮೆಮೊರಿ ತಿನ್ನುತ್ತದೆ. ಪ್ರತಿ ಪಿಡಿಎಫ್‌ಗೂ ಹೊಸ ಬ್ರೌಸರ್ ತೆರೆದು ಮುಚ್ಚುವ ಕೋಡನ್ನು ನಾನು ಬಹಳ ಸಲ ನೋಡಿದ್ದೇನೆ. ಹಾಗೆ ಮಾಡಬೇಡಿ. ಒಂದು ಬ್ರೌಸರನ್ನು ಎಬ್ಬಿಸಿಟ್ಟು, ಪ್ರತಿ ಕೆಲಸಕ್ಕೆ ಒಂದು ಪುಟ ತೆರೆದು ಮುಚ್ಚಿ, ಮುಂದೆ ಒಂದು ಕ್ಯೂ ಇಟ್ಟು, ಒಂದೇ ಸಲ ಇಂತಿಷ್ಟೇ ಅಂತ ಮಿತಿ ಹಾಕಿ. ಡಾಕರ್ ಒಳಗಾದರೆ ಇನ್ನೊಂದು ಗುಂಡಿ ಇದೆ: ಹಂಚಿಕೊಂಡು ಬಳಸುವ ಮೆಮೊರಿ ಅಲ್ಲಿ ಹುಟ್ಟಿನಿಂದ 64 ಎಂಬಿ ಮಾತ್ರ. ಭಾರದ ಪುಟ ಬಂದರೆ ಕ್ರೋಮ್ ಅಲ್ಲೇ ಮಗುಚಿಕೊಳ್ಳುತ್ತದೆ. ಆ ಮಿತಿ ಏರಿಸಬೇಕು, ಇಲ್ಲವೇ ಅದನ್ನು ಬಳಸಬೇಡ ಅಂತ ಕ್ರೋಮ್‌ಗೆ ಹೇಳಬೇಕು.

ನಾನೇ ಬಿದ್ದ ಗುಂಡಿ ಫಾಂಟಿನದು. ನನ್ನ ಲ್ಯಾಪ್‌ಟಾಪಲ್ಲಿ ಕನ್ನಡ ಇನ್‌ವಾಯ್ಸ್ ಮುತ್ತಿನ ಹಾಗೆ ಬರುತ್ತಿತ್ತು. ಸರ್ವರಿಗೆ ಹಾಕಿದ ದಿನ ಹೆಸರು, ವಿಳಾಸ ಎಲ್ಲ ಕಡೆ ಖಾಲಿ ಚೌಕಗಳು. ಎನ್‌ಕೋಡಿಂಗ್ ತಪ್ಪಿರಬೇಕು ಅಂತ ಡೇಟಾಬೇಸ್ ತನಕ ಜಾಲಾಡಿದೆ. ಎರಡು ಗಂಟೆ ಹೋದಮೇಲೆ ಹೊಳೆಯಿತು: ಕಂಟೇನರಿನ ಆ ಪುಟ್ಟ ಲಿನಕ್ಸಿನಲ್ಲಿ ಕನ್ನಡ ಫಾಂಟೇ ಇಲ್ಲ! ನನ್ನ ಲ್ಯಾಪ್‌ಟಾಪ್ ನನಗೆ ಹೇಳದೇ ಸಿಸ್ಟಂ ಫಾಂಟಿನಿಂದ ಅಕ್ಷರ ಎರವಲು ತರುತ್ತಿತ್ತು. ಆವತ್ತಿನಿಂದ ನೋಟೊ ಸಾನ್ಸ್ ಕನ್ನಡ ಫೈಲನ್ನು ಪ್ರಾಜೆಕ್ಟಿನ ಒಳಗೇ ಇಟ್ಟು, ಸಿಎಸ್‌ಎಸ್‌ನಲ್ಲಿ ಹೆಸರು ಹಿಡಿದು ಕರೆದು, ಫಾಂಟುಗಳೆಲ್ಲ ಲೋಡ್ ಆಗುವವರೆಗೆ ಕಾದು ಆಮೇಲೆ ಪ್ರಿಂಟ್ ಕೊಡುತ್ತೇನೆ.

ಪುಟದ ತಲೆಪಟ್ಟಿ, ಅಡಿಪಟ್ಟಿಯೂ ಕಿರಿಕಿರಿಯೇ. ಪಪೆಟಿಯರಿನಲ್ಲಿ ಅವಕ್ಕೆ ಬೇರೆ ಟೆಂಪ್ಲೇಟ್ ಕೊಡಬೇಕು. ನಿಮ್ಮ ಪುಟದ ಸಿಎಸ್‌ಎಸ್ ಅದಕ್ಕೆ ತಗಲುವುದಿಲ್ಲ. ಅಕ್ಷರದ ಅಳತೆಯನ್ನು ಅಲ್ಲೇ ಬರೆಯದಿದ್ದರೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಬರಬಹುದು, ಮಾರ್ಜಿನ್ ಬಿಡದಿದ್ದರೆ ಕಾಣುವುದೇ ಇಲ್ಲ. 2024ರಲ್ಲಿ ಬಂದ ಕ್ರೋಮ್ 131ರಿಂದ ಪುಟದ ಅಂಚಿನ ಪೆಟ್ಟಿಗೆಗಳನ್ನು ಸಿಎಸ್‌ಎಸ್‌ನಲ್ಲೇ ಬರೆಯಬಹುದು, ಪುಟ ಸಂಖ್ಯೆಗೆ ಇದು ಸಾಕು. ಟೇಬಲ್ ಸಾಲು ಸೊಂಟಕ್ಕೆ ತುಂಡಾಗದಿರಲು ಸಾಲಿಗೆ "ಒಳಗೆ ಮುರಿಯಬೇಡ" ಅನ್ನೋ ಸಿಎಸ್‌ಎಸ್ ನಿಯಮ ಹಾಕಿ. ಟೇಬಲ್ಲಿನ ತಲೆಯನ್ನು ಸರಿಯಾದ ಟ್ಯಾಗಿನಲ್ಲಿ ಬರೆದರೆ ಅದು ಪ್ರತಿ ಪುಟದಲ್ಲೂ ತಾನಾಗಿ ಮತ್ತೆ ಬರುತ್ತದೆ. ಎಷ್ಟೋ ಜನ ಎಲ್ಲವನ್ನೂ ಡಿವ್‌ನಲ್ಲಿ ಕಟ್ಟಿ ಆಮೇಲೆ ಇದಕ್ಕಾಗಿ ಜಾವಾಸ್ಕ್ರಿಪ್ಟ್ ಬರೆಯುತ್ತಾ ಕೂರುತ್ತಾರೆ.

ಹಳೇ ಲೇಖನಗಳು ಇನ್ನೂ ಡಬ್ಲ್ಯುಕೆಎಚ್‌ಟಿಎಮ್‌ಎಲ್‌ಟುಪಿಡಿಎಫ್ ಬಳಸಿ ಅನ್ನುತ್ತವೆ. ಒಂದು ಕಾಲಕ್ಕೆ ಬಹಳ ಉಪಕಾರ ಮಾಡಿದ ಟೂಲು, ಸುಳ್ಳಲ್ಲ. ಆದರೆ ಅದರ ಒಳಗಿರೋದು ಓಬೀರಾಯನ ಕಾಲದ ವೆಬ್‌ಕಿಟ್, ಪ್ರಾಜೆಕ್ಟನ್ನು 2023ರಲ್ಲಿ ಆರ್ಕೈವ್ ಮಾಡಿದರು. ಹೊಸ ಕೆಲಸಕ್ಕೆ ಅದನ್ನು ಮುಟ್ಟಬೇಡಿ.

ಬ್ರೌಸರಲ್ಲದ ಎಂಜಿನ್ನುಗಳು

ಬ್ರೌಸರ್ ಹುಟ್ಟಿದ್ದು ಸ್ಕ್ರೋಲ್ ಮಾಡೋಕೆ. ಪುಟ ಅನ್ನೋ ಕಲ್ಪನೆ ಅದಕ್ಕೆ ಮಲತಾಯಿ ಮಗು. ಪುಟಕ್ಕಾಗಿಯೇ ಬರೆದ ಎಚ್‌ಟಿಎಮ್‌ಎಲ್ ಎಂಜಿನ್ನುಗಳು ಬೇರೆ ಇವೆ. ಪೈಥಾನಿನ ವೀಸಿಪ್ರಿಂಟ್ ನನಗೆ ತುಂಬಾ ಇಷ್ಟ. ಸ್ವಂತ ಲೇಔಟ್ ಎಂಜಿನ್ ಇದೆ, ಪುಟ ಸಂಖ್ಯೆ, ಅಡಿಟಿಪ್ಪಣಿ, ಎಡಪುಟ ಬಲಪುಟಕ್ಕೆ ಬೇರೆ ಬೇರೆ ಮಾರ್ಜಿನ್, ಎಲ್ಲ ಸಿಎಸ್‌ಎಸ್‌ನಲ್ಲೇ. ಅಕ್ಷರ ಜೋಡಿಸೋಕೆ ಪ್ಯಾಂಗೊ ಬಳಸುತ್ತದೆ, ಹಾಗಾಗಿ ಕನ್ನಡವೂ ಸರಿಯಾಗಿ ಬರುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ಓಡುವುದಿಲ್ಲ. ನಿಮ್ಮ ಚಾರ್ಟುಗಳು ಬ್ರೌಸರಿನಲ್ಲೇ ಹುಟ್ಟೋದಾದರೆ ಅವನ್ನು ಮೊದಲೇ ಎಸ್‌ವಿಜಿ ಚಿತ್ರ ಮಾಡಿ ಕೊಡಬೇಕು. ದುಡ್ಡು ಕೊಟ್ಟು ತಗೊಳ್ಳೋದಾದರೆ ಪ್ರಿನ್ಸ್ ಇದೆ, ಪುಸ್ತಕದ ಮಟ್ಟದ ಪುಟ ಬೇಕಾದವರು ಅದನ್ನು ನೆಚ್ಚುತ್ತಾರೆ.

ಪಿಎಚ್‌ಪಿಯಲ್ಲಿ ಡಾಮ್‌ಪಿಡಿಎಫ್ ಎಲ್ಲರ ಕೈಗೆ ಮೊದಲು ಸಿಗುತ್ತದೆ. ಅದಕ್ಕೆ ಬರೋದು ಹೆಚ್ಚುಕಡಿಮೆ ಸಿಎಸ್‌ಎಸ್ 2.1. ಫ್ಲೆಕ್ಸ್‌ಬಾಕ್ಸ್ ಬರೆದರೆ ಸುಮ್ಮನೆ ನಕ್ಕು ಮುಂದೆ ಹೋಗುತ್ತದೆ. ಸರಳ ರಸೀದಿಗೆ ಪರವಾಗಿಲ್ಲ. ಕನ್ನಡ ಬೇಕು ಅಂದರೆ ಎಮ್‌ಪಿಡಿಎಫ್ ಮೇಲು, ಅದರಲ್ಲಿ ಓಪನ್‌ಟೈಪ್ ಜೋಡಣೆಯ ಸೆಟ್ಟಿಂಗ್ ಇದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು.

ಎಚ್‌ಟಿಎಮ್‌ಎಲ್ಲೇ ಬೇಡ ಅನ್ನೋರಿಗೆ 2023ರಲ್ಲಿ ಮುಕ್ತವಾದ ಟೈಪ್ಸ್ಟ್ ನೋಡಿ ಅಂತೀನಿ. ಲಾಟೆಕ್ ಮಾಡುವ ಕೆಲಸವನ್ನೇ ಓದಬಲ್ಲ ಭಾಷೆಯಲ್ಲಿ ಮಾಡುತ್ತದೆ, ಒಂದೇ ಬೈನರಿ, ತುಂಬಾ ವೇಗ. ಒಂದೇ ಅಚ್ಚಿನ ಸಾವಿರಾರು ಸರ್ಟಿಫಿಕೇಟು, ಸ್ಟೇಟ್‌ಮೆಂಟು ತೆಗೆಯಬೇಕಾದಾಗ ಬ್ರೌಸರನ್ನು ಎಬ್ಬಿಸೋದಕ್ಕಿಂತ ಇದು ಎಷ್ಟೋ ಹಗುರ.

ನೀವೇ ಕೂತು ಲೆಕ್ಕ ಹಾಕಿದರೆ

ಕೋಡಲ್ಲೇ ಪುಟ ಕಟ್ಟುವ ಲೈಬ್ರರಿಗಳಲ್ಲೂ ಎರಡು ಜಾತಿ ಇದೆ. ಮೊದಲ ಜಾತಿ "ಇಲ್ಲಿ ಟೇಬಲ್, ಇಲ್ಲಿ ಪ್ಯಾರಾ" ಅಂತ ಹೇಳಿದರೆ ಸಾಲು, ಪುಟ ಎಲ್ಲ ತಾನೇ ಮುರಿದುಕೊಳ್ಳುತ್ತದೆ: ಜಾವಾಸ್ಕ್ರಿಪ್ಟಲ್ಲಿ ಪಿಡಿಎಫ್‌ಮೇಕ್, ರಿಯಾಕ್ಟ್‌ಪಿಡಿಎಫ್, ಪೈಥಾನಲ್ಲಿ ರಿಪೋರ್ಟ್‌ಲ್ಯಾಬಿನ ಮೇಲ್ಪದರ, ಡಾಟ್‌ನೆಟ್‌ಗೆ ಕ್ವೆಸ್ಟ್‌ಪಿಡಿಎಫ್. ಎರಡನೇ ಜಾತಿ ಬರೀ ಕುಂಚ ಕೊಡುತ್ತದೆ. ಅಪಾಚೆ ಪಿಡಿಎಫ್‌ಬಾಕ್ಸ್, ಪಿಡಿಎಫ್‌ಲಿಬ್ ಈ ಕಡೆಯವು. ಟೇಬಲ್ ಬೇಕಾದರೆ ಗೆರೆ ನೀವೇ ಎಳೆಯಬೇಕು. ಪುಟ ಮುಗಿಯುತ್ತಾ ಬಂತಾ ಅಂತ ನೀವೇ ನೋಡಿಕೊಳ್ಳಬೇಕು.

ಎರಡನೇ ಜಾತಿಯನ್ನು ಟೇಬಲ್ಲಿಗೆ ಬಳಸೋದು ಸೂಜಿಯಲ್ಲಿ ಬಾವಿ ತೋಡಿದ ಹಾಗೆ. ಆದರೆ ಶಿಪ್ಪಿಂಗ್ ಲೇಬಲ್, ಟಿಕೆಟ್, ಮೊದಲೇ ಅಚ್ಚಾದ ಫಾರಂ ಮೇಲೆ ಸರಿಯಾಗಿ ಪೆಟ್ಟಿಗೆಯೊಳಗೇ ಅಕ್ಷರ ಬೀಳಿಸೋದು, ಇಂಥದ್ದಕ್ಕೆಲ್ಲ ಕುಂಚವೇ ಸರಿ, ಯಾಕೆಂದರೆ ಅಲ್ಲಿ ಸಾಲು ಮುರಿಯುವ ಪ್ರಶ್ನೆಯೇ ಇಲ್ಲ, ಜಾಗ ಗೊತ್ತು, ಅಳತೆ ಗೊತ್ತು, ಇಟ್ಟು ಬಂದರೆ ಆಯಿತು.

ಸರ್ವರೇ ಬೇಡ, ಬಳಕೆದಾರರ ಬ್ರೌಸರಿನಲ್ಲೇ ಮಾಡೋಣ ಅನ್ನೋ ಆಸೆಯೂ ಸಹಜ. ಡೇಟಾ ಅವರ ಯಂತ್ರ ಬಿಟ್ಟು ಹೋಗುವುದಿಲ್ಲ, ನಿಮಗೆ ಸರ್ವರ್ ಖರ್ಚಿಲ್ಲ. ಪಿಡಿಎಫ್‌ಮೇಕ್, ಜೆಎಸ್‌ಪಿಡಿಎಫ್, ಪಿಡಿಎಫ್‌ಲಿಬ್ ಮೂರೂ ಅಲ್ಲಿ ಓಡುತ್ತವೆ. ಒಂದು ಉಪಾಯದಿಂದ ಮಾತ್ರ ದೂರ ಇರಿ: ಎಚ್‌ಟಿಎಮ್‌ಎಲ್‌ಟುಕ್ಯಾನ್ವಾಸ್ ಬಳಸಿ ಪುಟದ ಫೋಟೋ ತೆಗೆದು, ಆ ಫೋಟೋವನ್ನು ಪಿಡಿಎಫ್ ಒಳಗೆ ಅಂಟಿಸೋದು. ಡೆಮೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅದರಲ್ಲಿ ಒಂದೇ ಒಂದು ಅಕ್ಷರ ಇಲ್ಲ. ಕಾಪಿ ಆಗುವುದಿಲ್ಲ, ಹುಡುಕೋಕೆ ಆಗುವುದಿಲ್ಲ, ಸ್ಕ್ರೀನ್ ರೀಡರಿಗೆ ಖಾಲಿ ಹಾಳೆ, ದೊಡ್ಡದು ಮಾಡಿದರೆ ಮಸುಕು, ಫೈಲು ನೋಡಿದರೆ ಆನೆ ಗಾತ್ರ. ಅದಕ್ಕಿಂತ ಒಂದು ಒಳ್ಳೆಯ ಪ್ರಿಂಟ್ ಸ್ಟೈಲ್‌ಶೀಟ್ ಬರೆದು ಬ್ರೌಸರಿನ ಪ್ರಿಂಟ್ ಕಿಟಕಿಯನ್ನೇ ತೆರೆಯಿರಿ. "ಪಿಡಿಎಫ್ ಆಗಿ ಉಳಿಸಿ" ಅಲ್ಲೇ ಇದೆ. ಬಿಟ್ಟಿ, ಅಕ್ಷರವೂ ನಿಜವಾದದ್ದು.

ಕನ್ನಡ ಬಂದಾಗ ಬಣ್ಣ ಬಯಲಾಗುತ್ತದೆ

ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದರೆ ಎಲ್ಲ ಟೂಲೂ ಪಾಸು. ಪಿಡಿಎಫ್ ತನ್ನ ಜೊತೆ 14 ಮೂಲ ಫಾಂಟುಗಳನ್ನು ಲೆಕ್ಕಕ್ಕಿಟ್ಟುಕೊಂಡು ಬಂದಿದೆ, ಹೆಲ್ವೆಟಿಕಾ, ಟೈಮ್ಸ್, ಕೊರಿಯರ್ ಥರದ್ದು. ಅದರಲ್ಲಿ ನಮ್ಮ ಲಿಪಿ ಇಲ್ಲ. ಫಾಂಟನ್ನು ಫೈಲಿನ ಒಳಗೆ ಸೇರಿಸಲೇಬೇಕು, ಇದು ಎಲ್ಲರಿಗೂ ಬೇಗ ಗೊತ್ತಾಗುತ್ತದೆ. ಸೇರಿಸಿದ ಮೇಲೂ ಕೆಲಸ ಮುಗಿದಿಲ್ಲ ಅನ್ನೋದು ತಡವಾಗಿ ಗೊತ್ತಾಗುತ್ತದೆ.

"ಸ್ತ್ರೀ" ತಗೊಳ್ಳಿ. ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಎಣಿಸುವ ಯೂನಿಕೋಡಿನಲ್ಲಿ ಆರು: ಸ, ವಿರಾಮ (ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರ. ಈ ಆರನ್ನು ನೋಡಿ, ಯಾವುದು ಒತ್ತಾಗಿ ಕೆಳಗೆ ಹೋಗಬೇಕು, ಗುಣಿತದ ಚಿಹ್ನೆ ಯಾರ ತಲೆಗೆ ಸೇರಬೇಕು ಅಂತ ಫಾಂಟಿನ ನಿಯಮಗಳನ್ನು ಓದಿ ತೀರ್ಮಾನಿಸುವ ಒಬ್ಬರು ಬೇಕು. ಈ ಕೆಲಸಕ್ಕೆ ಶೇಪಿಂಗ್ ಅನ್ನುತ್ತಾರೆ. ಹಾರ್ಫ್‌ಬಜ್ ಅನ್ನೋ ಲೈಬ್ರರಿ ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಇದನ್ನೇ ಮಾಡುತ್ತಿದೆ. ಪಿಡಿಎಫ್ ಮಾತ್ರ ಶೇಪಿಂಗ್ ಮಾಡುವುದಿಲ್ಲ. ಅದಕ್ಕೆ ಬೇಕಾಗಿರೋದು ಮುಗಿದುಹೋದ ಆಕಾರಗಳು. ಟೂಲ್ ಅದನ್ನು ಮಾಡದಿದ್ದರೆ "ಶಕ್ತಿ" ಹೋಗಿ "ಶಕ್‌ತಿ" ಆಗುತ್ತದೆ, ಒತ್ತು ಬಿಚ್ಚಿಕೊಂಡು ಬಯಲಿಗೆ ಬರುತ್ತದೆ. ಜೆಎಸ್‌ಪಿಡಿಎಫ್ ಬಳಸಿ ಕನ್ನಡ ಬರೆದವರಿಗೆ ಈ ದೃಶ್ಯ ಹೊಸದಲ್ಲ. ಪೈಥಾನಿನ ಎಫ್‌ಪಿಡಿಎಫ್2ನಲ್ಲಿ ಹಾರ್ಫ್‌ಬಜ್ ಸೇರಿಸಿಕೊಳ್ಳುವ ಆಯ್ಕೆ ಇದೆ, ಒಂದು ಸಾಲಿನ ಕೋಡಲ್ಲಿ ಆನ್ ಆಗುತ್ತದೆ. ಐಟೆಕ್ಸ್ಟ್‌ನಲ್ಲಿ ಇದಕ್ಕೆ ಪಿಡಿಎಫ್‌ಕ್ಯಾಲಿಗ್ರಾಫ್ ಅನ್ನೋ ಬೇರೆಯದೇ ಸೇರ್ಪಡೆ ಬೇಕು.

ಇನ್ನೊಂದು ಮಜಾ ಇದೆ. ಯಾವುದೋ ಕನ್ನಡ ಪಿಡಿಎಫ್‌ನಿಂದ ಕಾಪಿ ಮಾಡಿದಾಗ "ವರ್ಷ" ಹೋಗಿ "ವಷರ್", "ಧರ್ಮ" ಹೋಗಿ "ಧಮರ್" ಆಗಿದ್ದನ್ನು ನೋಡಿದ್ದೀರಾ? ಅದು ಟೈಪ್ ಮಾಡಿದವರ ತಪ್ಪಲ್ಲ. ನಾವು ಬರೆಯೋದು ವ, ರ, ವಿರಾಮ, ಷ ಈ ಕ್ರಮದಲ್ಲಿ. ಆದರೆ ಅರ್ಕಾವತ್ತು ಪುಟದ ಮೇಲೆ ಕೂರೋದು "ಷ"ದ ಬಲಕ್ಕೆ. ಪಿಡಿಎಫ್‌ಗೆ ಗೊತ್ತಿರೋದು ಜಾಗ ಮಾತ್ರ: ಮೊದಲು "ವ" ಆಕಾರ, ಆಮೇಲೆ "ಷ" ಆಕಾರ, ಆಮೇಲೆ ಅರ್ಕಾವತ್ತಿನ ಆಕಾರ. ಪ್ರತಿ ಆಕಾರಕ್ಕೂ ಯಾವ ಯೂನಿಕೋಡ್ ಅಂತ ಒಂದು ಪಟ್ಟಿ ಫೈಲಿನ ಒಳಗೆ ಇರುತ್ತದೆ. ಕಾಪಿ ಮಾಡಿದಾಗ ವ್ಯೂವರ್ ಆಕಾರಗಳ ಕ್ರಮದಲ್ಲೇ ಪಟ್ಟಿ ನೋಡಿ ಬರೆಯುತ್ತಾ ಹೋಗುತ್ತದೆ, "ರ್" ಕೊನೆಗೆ ಬಂದು ಕೂರುತ್ತದೆ. ಇದಕ್ಕೂ ಮದ್ದಿದೆ. "ಈ ಆಕಾರಗಳ ಗುಂಪಿನ ನಿಜವಾದ ಪಠ್ಯ ಇದು" ಅಂತ ಪಿಡಿಎಫ್ ಒಳಗೆ ಬರೆದಿಡಬಹುದು. ಒಳ್ಳೆಯ ಟೂಲುಗಳು ಬರೆಯುತ್ತವೆ. ಎಲ್ಲ ವ್ಯೂವರುಗಳೂ ಅದನ್ನು ಓದುವುದಿಲ್ಲ ಅನ್ನೋದು ಇನ್ನೊಂದು ಸಂಕಟ.

ಅಂದರೆ ಕಣ್ಣಿಗೆ ಸರಿ ಕಾಣೋ ಪಿಡಿಎಫ್ ಕೂಡ ಒಳಗೆ ಕೆಟ್ಟಿರಬಹುದು. ಪ್ರಿಂಟ್ ತೆಗೆದು ಎಸೆಯೋ ರಸೀದಿಗೆ ಇದು ದೊಡ್ಡ ವಿಷಯವಲ್ಲ. ಹತ್ತು ವರ್ಷ ಇಟ್ಟು ಹುಡುಕಬೇಕಾದ ದಾಖಲೆಗೆ ಇದೇ ವಿಷಯ.

"ಎಡಿಟ್" ಅಂದರೆ ಏನು ಅಂತ ಮೊದಲು ಕೇಳಿ

ಕ್ಲೈಂಟ್ "ಪಿಡಿಎಫ್ ಎಡಿಟ್ ಮಾಡೋ ಹಾಗಿರಬೇಕು" ಅಂದರೆ ತಕ್ಷಣ ಹೂಂ ಅನ್ನಬೇಡಿ. ಆ ಒಂದು ಪದದೊಳಗೆ ಐದಾರು ಬೇರೆ ಬೇರೆ ಕೆಲಸಗಳಿವೆ, ಅವುಗಳ ಕಷ್ಟಕ್ಕೂ ಅಜಗಜಾಂತರ.

ಪುಟ ಸೇರಿಸೋದು, ಬಿಡಿಸೋದು, ತಿರುಗಿಸೋದು, ಪಾಸ್‌ವರ್ಡ್ ಹಾಕೋದು ಬಹಳ ಸುಲಭ. ಪುಟದ ಒಳಗೆ ಕೈ ಹಾಕದೆ ಮೇಲಿಂದಲೇ ಆಗುವ ಕೆಲಸ. ಕಮಾಂಡ್ ಲೈನಿನಲ್ಲಿ ಕ್ಯೂಪಿಡಿಎಫ್, ಪೈಥಾನಲ್ಲಿ ಪೈಪಿಡಿಎಫ್ ಅಥವಾ ಕ್ಯೂಪಿಡಿಎಫ್ ಮೇಲೇ ಕಟ್ಟಿದ ಪೈಕ್‌ಪಿಡಿಎಫ್, ಜಾವಾದಲ್ಲಿ ಪಿಡಿಎಫ್‌ಬಾಕ್ಸ್, ಜಾವಾಸ್ಕ್ರಿಪ್ಟಲ್ಲಿ ಪಿಡಿಎಫ್‌ಲಿಬ್ (ಪಾಸ್‌ವರ್ಡ್ ಹಾಕೋದು ಮಾತ್ರ ಇದಕ್ಕೆ ಬರುವುದಿಲ್ಲ). ಕಣ್ಣು ಮುಚ್ಚಿ ಆರಿಸಿ. ಪಿಡಿಎಫ್‌ಲಿಬ್ ಮೂಲ ಪ್ರಾಜೆಕ್ಟಿಗೆ 2021ರಿಂದ ಹೊಸ ಬಿಡುಗಡೆ ಇಲ್ಲ ಅನ್ನೋದು ನೆನಪಿರಲಿ, ಆದರೂ ಈ ಕೆಲಸಕ್ಕೆ ಅದು ಗಟ್ಟಿಯಾಗಿಯೇ ಇದೆ.

ಫಾರಂ ತುಂಬೋದು, "ಕರಡು ಪ್ರತಿ" ಅಂತ ವಾಟರ್‌ಮಾರ್ಕ್ ಒತ್ತೋದು ಕೂಡ ಇವುಗಳಿಂದಲೇ ಆಗುತ್ತದೆ. ಒಂದು ಎಚ್ಚರ: ಫಾರಂನ ಖಾನೆಯಲ್ಲಿ ಮೌಲ್ಯ ಬರೆಯೋದು ಬೇರೆ, ಅದು ಹೇಗೆ ಕಾಣಬೇಕು ಅನ್ನೋ ಚಿತ್ರ ಬೇರೆ. ಎರಡನೆಯದನ್ನು ಬರೆಯದೇ ಬಿಟ್ಟರೆ ಒಂದು ವ್ಯೂವರಿನಲ್ಲಿ ಹೆಸರು ಕಾಣುತ್ತದೆ, ಇನ್ನೊಂದರಲ್ಲಿ ಖಾನೆ ಖಾಲಿ. ಕನ್ನಡದಲ್ಲಿ ತುಂಬುವಾಗ ಮೇಲೆ ಹೇಳಿದ ಶೇಪಿಂಗ್ ಕಥೆ ಇಲ್ಲೂ ಶುರುವಾಗುತ್ತದೆ.

ಬಳಕೆದಾರರು ಹೈಲೈಟ್ ಮಾಡಬೇಕು, ಟಿಪ್ಪಣಿ ಬರೆಯಬೇಕು ಅಂದರೆ ಮೊಜಿಲ್ಲಾದ ಪಿಡಿಎಫ್‌ಜೆಎಸ್ ಸಾಕಾಗಬಹುದು. ಫೈರ್‌ಫಾಕ್ಸಿನಲ್ಲಿ ಪಿಡಿಎಫ್ ತೋರಿಸೋದು ಅದೇ. ಈಗ ಪಠ್ಯ, ಗೀಚು, ಹೈಲೈಟು, ಚಿತ್ರ ಸೇರಿಸೋದನ್ನೂ ಕಲಿತಿದೆ. ಅದಕ್ಕೂ ಮೇಲೆ, ಹತ್ತು ಜನ ಒಟ್ಟಿಗೆ ಕಾಮೆಂಟ್ ಹಾಕೋದು ಇತ್ಯಾದಿ ಬೇಕಾದರೆ ಆ್ಯಪ್ರೈಸ್, ನ್ಯೂಟ್ರಿಯೆಂಟ್ ಥರದ ದುಡ್ಡಿನ ಎಸ್‌ಡಿಕೆಗಳ (ನಮ್ಮ ಆ್ಯಪಿಗೆ ಸೇರಿಸಿಕೊಳ್ಳೋ ಸಿದ್ಧ ಕೋಡಿನ ಕಟ್ಟು) ಕಡೆ ನೋಡಬೇಕು. ಹಳೇ ಲೇಖನಗಳಲ್ಲಿ ಇವೇ ಪಿಡಿಎಫ್‌ಟ್ರಾನ್, ಪಿಎಸ್‌ಪಿಡಿಎಫ್‌ಕಿಟ್ ಅನ್ನೋ ಹೆಸರಲ್ಲಿ ಸಿಗುತ್ತವೆ.

ಈಗ ನಿಜವಾದ ಬೆಟ್ಟ: "ಈ ಪ್ಯಾರಾದಲ್ಲಿ ಎರಡು ಪದ ಬದಲಾಯಿಸಬೇಕು." ಪ್ಯಾರಾ ಅನ್ನೋದೇ ಇಲ್ಲ ಅಂತ ಆಗಲೇ ಹೇಳಿದೆನಲ್ಲ? ಟೂಲ್ ಈಗ ಚೆಲ್ಲಾಪಿಲ್ಲಿ ಬಿದ್ದ ಆಕಾರಗಳನ್ನು ನೋಡಿ ಇದು ಸಾಲಿರಬಹುದು, ಇದು ಪ್ಯಾರಾ ಇರಬಹುದು ಅಂತ ಊಹಿಸಬೇಕು. ಜೊತೆಗೆ ಫಾಂಟಿನ ಕಾಟ. ಫೈಲು ಚಿಕ್ಕದಿರಲಿ ಅಂತ ಫಾಂಟಿನಿಂದ ಆ ಫೈಲಿನಲ್ಲಿ ಬಳಸಿದ ಆಕಾರಗಳನ್ನು ಮಾತ್ರ ಒಳಗಿಟ್ಟಿರುತ್ತಾರೆ. ನೀವು ಹೊಸದಾಗಿ "ಝ" ಬರೆಯಹೊರಟರೆ, ಮೂಲ ಫೈಲಿನಲ್ಲಿ ಎಲ್ಲೂ "ಝ" ಇರದಿದ್ದರೆ, ಆ ಆಕಾರವೇ ಇಲ್ಲ. ನನ್ನ ಉತ್ತರ ಯಾವಾಗಲೂ ಒಂದೇ: ಪಿಡಿಎಫ್ ತಿದ್ದಬೇಡಿ, ಮೂಲ ಡೇಟಾ ತಿದ್ದಿ ಹೊಸ ಪಿಡಿಎಫ್ ತೆಗೆಯಿರಿ. ಬೆಂದ ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡೋಕೆ ಆಗುವುದಿಲ್ಲ, ಹಿಟ್ಟು ಮನೆಯಲ್ಲಿದ್ದರೆ ಇನ್ನೊಂದು ತಟ್ಟಿ. ಮೂಲ ನಿಮ್ಮ ಹತ್ತಿರ ಇಲ್ಲವೇ ಇಲ್ಲ ಅನ್ನೋ ಸಂದರ್ಭಕ್ಕೆ ಮಾತ್ರ ದುಡ್ಡಿನ ಎಸ್‌ಡಿಕೆ.

ಮಾಹಿತಿ ಅಳಿಸೋದು ಎಲ್ಲಕ್ಕಿಂತ ಅಪಾಯ. ಅಕ್ಷರದ ಮೇಲೆ ಕಪ್ಪು ಪಟ್ಟಿ ಎಳೆದರೆ ಪಿಡಿಎಫ್‌ಗೆ ಅದು ಇನ್ನೊಂದು ಚಿತ್ರ ಮಾತ್ರ, ಕೆಳಗಿನ ಅಕ್ಷರ ಹಾಗೇ ಇದೆ. 2019ರ ಜನವರಿಯಲ್ಲಿ, ಟ್ರಂಪ್ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಅಮೆರಿಕದ ಕೋರ್ಟಿಗೆ ಕೊಟ್ಟ ದಾಖಲೆಯಲ್ಲಿ ಇದೇ ಆಯಿತು. ಪತ್ರಕರ್ತರು ಕಪ್ಪು ಪಟ್ಟಿಯನ್ನು ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಬೇರೆ ಕಡೆ ಪೇಸ್ಟ್ ಮಾಡಿದರು, ಮುಚ್ಚಿಟ್ಟಿದ್ದೆಲ್ಲ ಹೊರಗೆ. ಇನ್ನೂ ಒಂದು ಮೋಸ ಇದೆ. ಪಿಡಿಎಫ್ ಫೈಲನ್ನು ತಿದ್ದಿದಾಗ ಹಳೆಯದನ್ನು ಹಾಗೇ ಬಿಟ್ಟು ಬದಲಾವಣೆಯನ್ನು ಕೊನೆಗೆ ಅಂಟಿಸುವ ಪದ್ಧತಿ ಇದೆ. ಫೈಲಿನ ಬಾಲ ಕತ್ತರಿಸಿದರೆ ಹಳೇ ಆವೃತ್ತಿ ಕೈಗೆ ಸಿಗುತ್ತದೆ. ಹಾಗಾಗಿ ನಿಜವಾಗಿ ಅಕ್ಷರವನ್ನೇ ಕಿತ್ತು ಹಾಕುವ ಟೂಲ್ ಬೇಕು, ಪೈಮ್ಯುಪಿಡಿಎಫ್‌ನಲ್ಲಿ ಅದು ಇದೆ. ಆಮೇಲೆ ಇಡೀ ಫೈಲನ್ನು ಹೊಸದಾಗಿ ಬರೆಸಬೇಕು.

ಅದೇ ಅಂಟಿಸುವ ಪದ್ಧತಿ ಡಿಜಿಟಲ್ ಸಹಿಗೆ ಮಾತ್ರ ವರ. ಸಹಿ ಹಾಕೋದು ಫೈಲಿನ ಇಂತಿಂಥ ಬೈಟುಗಳಿಗೆ, ಕೊನೆಗೆ ಅಂಟಿಸಿದರೆ ಆ ಬೈಟುಗಳು ಹಾಗೇ ಉಳಿಯುತ್ತವೆ. ಸಹಿಯಾದ ಫೈಲನ್ನು ಯಾವುದೋ ಟೂಲ್ ತೆಗೆದು ಹೊಸದಾಗಿ ಬರೆದರೆ, ಒಂದು ಅಕ್ಷರ ಬದಲಾಗದಿದ್ದರೂ ಸಹಿ ಮುರಿಯುತ್ತದೆ. ವಾಟರ್‌ಮಾರ್ಕ್, ಪುಟ ಜೋಡಣೆ ಎಲ್ಲ ಮುಗಿಸಿ ಸಹಿಯನ್ನು ಕೊನೆಗೆ ಇಡಿ. ಪೈಥಾನಲ್ಲಿ ಪೈಹ್ಯಾಂಕೊ ಇದಕ್ಕೆ ಚೆನ್ನಾಗಿದೆ.

ಲೈಸೆನ್ಸ್, ಮತ್ತೊಂದು ಬಾಗಿಲು

ಓಪನ್ ಸೋರ್ಸ್ ಅಂದ ತಕ್ಷಣ ಬಿಟ್ಟಿ ಅಂದುಕೊಳ್ಳಬೇಡಿ. ಐಟೆಕ್ಸ್ಟ್, ಗೋಸ್ಟ್‌ಸ್ಕ್ರಿಪ್ಟ್, ಪೈಮ್ಯುಪಿಡಿಎಫ್ ಇವೆಲ್ಲ ಎಜಿಪಿಎಲ್ ಅಡಿಯಲ್ಲಿವೆ, ಅಥವಾ ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ತಗೋಬೇಕು. ಎಜಿಪಿಎಲ್ ಬರೆದಿರೋದೇ ವೆಬ್ ಸರ್ವರುಗಳನ್ನು ಮನಸಿನಲ್ಲಿಟ್ಟುಕೊಂಡು: ಕೋಡನ್ನು ಯಾರಿಗೂ ಹಂಚದೆ ನೆಟ್‌ವರ್ಕ್ ಮೂಲಕ ಸೇವೆ ಕೊಟ್ಟರೂ ಮೂಲ ಕೋಡ್ ತೋರಿಸುವ ಹೊಣೆ ಬರಬಹುದು. ಪಿಡಿಎಫ್‌ಬಾಕ್ಸ್, ಕ್ಯೂಪಿಡಿಎಫ್, ಪಿಡಿಎಫ್‌ಜೆಎಸ್ ಅಪಾಚೆ ಲೈಸೆನ್ಸಿನವು, ಆ ಚಿಂತೆ ಇಲ್ಲ. ಇದನ್ನು ಮೊದಲ ದಿನವೇ ನೋಡಿ. ಬಿಡುಗಡೆಯ ಹಿಂದಿನ ವಾರ ವಕೀಲರು ಬಂದು ಕೇಳಿದಾಗ ಲೈಬ್ರರಿ ಬದಲಾಯಿಸೋದು ಯಾರಿಗೂ ಬೇಡ.

ಬಾಗಿಲಿನ ವಿಷಯ ಇದು. ಬಳಕೆದಾರರು ಬರೆದದ್ದನ್ನು ಹಾಗೇ ಎಚ್‌ಟಿಎಮ್‌ಎಲ್ ಒಳಗೆ ಸುರಿದು ಕ್ರೋಮ್‌ಗೆ ಕೊಟ್ಟರೆ, ಆ ಕ್ರೋಮ್ ನಿಮ್ಮ ಸರ್ವರಿನ ಒಳಗೆ ಕೂತಿದೆ ಅನ್ನೋದು ಮರೆಯಬೇಡಿ. ಹೆಸರಿನ ಖಾನೆಯಲ್ಲಿ ಯಾರೋ ಒಂದು ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಟ್ಯಾಗು) ಬರೆದು, ಸರ್ವರಿನ ಫೈಲಿಗೋ ಕ್ಲೌಡ್ ಯಂತ್ರದ ಗುಟ್ಟಿನ ವಿಳಾಸಕ್ಕೋ ತೋರಿಸಿದರೆ ಅದರ ಒಳಗಿದ್ದದ್ದು ಅಂದವಾಗಿ ಪಿಡಿಎಫ್ ಆಗಿ ಅವರ ಕೈ ಸೇರುತ್ತದೆ. ಎಲ್ಲವನ್ನೂ ಎಸ್ಕೇಪ್ ಮಾಡಿ, ಅಂದರೆ ಅವರು ಬರೆದ ಟ್ಯಾಗು ಬರೀ ಅಕ್ಷರವಾಗಿ ಕಾಣುವ ಹಾಗೆ ಮಾಡಿ, ಆ ಕಂಟೇನರ್ ಹೊರಗಾಗಲಿ ಒಳಗಾಗಲಿ ಯಾರ ಜೊತೆಗೂ ಮಾತಾಡದ ಹಾಗೆ ನೆಟ್‌ವರ್ಕ್ ಕಟ್ಟಿ.

ಯಾವುದನ್ನು ಆರಿಸಿದರೂ ಅದಕ್ಕೆ ಮೊದಲು ಕೊಡಬೇಕಾದ್ದು ನಿಮ್ಮ ಅತಿ ಕೆಟ್ಟ ಡೇಟಾ. ನಾನೊಂದು ಫೈಲು ಇಟ್ಟುಕೊಂಡಿದ್ದೇನೆ: ಒಂದೂ ಸಾಲಿಲ್ಲದ ಬಿಲ್ಲು, ಮುನ್ನೂರು ಸಾಲಿನ ಬಿಲ್ಲು, ಖಾಲಿ ಜಾಗವೇ ಇಲ್ಲದ ಉದ್ದನೆಯ ಪದ, ಕನ್ನಡ ಇಂಗ್ಲಿಷ್ ಬೆರೆತ ವಿಳಾಸ, ಸ್ತ್ರೀ, ಶಕ್ತಿ, ವರ್ಷ. ಮೂರು ಟೂಲಿಗೆ ಅದನ್ನೇ ಕೊಟ್ಟು, ಬಂದ ಪಿಡಿಎಫ್‌ಗಳನ್ನು ಕ್ರೋಮ್, ಫೈರ್‌ಫಾಕ್ಸ್, ಅಕ್ರೋಬ್ಯಾಟ್ ಮೂರರಲ್ಲೂ ತೆರೆಯುತ್ತೇನೆ. ಮೊದಲು ಪುಟಗಳ ಅಂಚು ನೋಡುತ್ತೇನೆ. ಆಮೇಲೆ ಹುಡುಕುವ ಪೆಟ್ಟಿಗೆ ತೆರೆದು "ವರ್ಷ" ಅಂತ ಟೈಪ್ ಮಾಡುತ್ತೇನೆ. ಸಿಗದಿದ್ದರೆ "ವಷರ್" ಅಂತ ಮಾಡುತ್ತೇನೆ. ಅದು ಸಿಕ್ಕರೆ ಆ ಟೂಲಿನ ಟ್ಯಾಬ್ ಮುಚ್ಚುತ್ತೇನೆ.